ಮೂರು ಫ್ರಿಜ್ಜಿನ ಟಿಕೆಟ್

ಪ್ರೀತಿಯ ಅಕ್ಕ,

ನಿನ್ನ ಆಪರೇಷನ್ ಹೊತ್ತಿಗೆ ಅಲ್ಲಿಗೆ ಬರಲು ನನ್ನಿಂದ ಆಗುತ್ತಿಲ್ಲ. ಪುಕ್ಕಟೆ ವಿಮಾನದ ಟಿಕೆಟ್ಟಿಗೆ ಪಾಯಿಂಟ್ಸ್ ಕೂಡಲಿ ಎಂದು ಮನೆಮಂದಿಯೆಲ್ಲ ನನ್ನ ಕ್ರೆಡಿಟ್ ಕಾರ್ಡಿನಲ್ಲೇ ಸಾಮಾನು ಕೊಂಡು, ಹಣವನ್ನು ನನ್ನ ಕೈಗೆ ಕೊಡುತ್ತಿದ್ದರಲ್ಲ, ಅದೇ ಮುಳುವಾಯಿತು.

"ಒಂದೇ ವರ್ಷಕ್ಕೆ ಮೂರು ಫ್ರಿಜ್ಜಾ ಮೇಡಂ? ಇದು ವ್ಯಾಪಾರ," ಎಂದು ಬ್ಯಾಂಕಿನವನು ಪಾಯಿಂಟ್ಸನ್ನೆಲ್ಲ ರದ್ದು ಮಾಡಿದ. ಅತ್ತೆ, ಚಿಕ್ಕಮ್ಮ, ಸೋದರಮಾವ ಕೊಂಡಿದ್ದು ಎಂದೆ. "ಕಾರ್ಡನ್ನ ಬೇರೆಯವರಿಗೆ ಕೊಡೋ ಹಾಗೇ ಇಲ್ವಲ್ಲ," ಅಂದ. ದುಡ್ಡು ಕೊಟ್ಟು ಬರುವ ಶಕ್ತಿ ನಮಗಿಲ್ಲ, ನಿನಗೇ ಗೊತ್ತು.

ಚಿಕ್ಕಮ್ಮ ಇನ್ನೂ, "ಒಂದು ವಾಷಿಂಗ್ ಮಷಿನ್ನೂ ತಗೊಳ್ಳಲೇನೇ?" ಎಂದು ಕೇಳುತ್ತಿದ್ದಾರೆ. ಅವರಿಗೆ ಹೇಗೆ ಹೇಳಲಿ?

ಆಪರೇಷನ್ನಿಗೆ ಒಳಗೆ ಕರೆದೊಯ್ಯುವ ಮೊದಲು ಕನ್ನಡಕ ತೆಗೆಸುತ್ತಾರಂತೆ. ಅದನ್ನು ಹಿಡಿದುಕೊಂಡು ಹೊರಗೆ ಕೂತಿರಲು ಪಕ್ಕದ ಮನೆಯವರನ್ನಾದರೂ ಕೇಳಿಕೋ.

ನಿನ್ನ,
ಪುಟ್ಟಿ