ತೂಲಿಗೆ ಹಚ್ಚಿದ ಹನ್ನೊಂದು ಮೇಣದಬತ್ತಿ

ನನ್ನ ಮುದುಕಿ ದೆಲ್ಫಿನಾ,

ಈ ಸಲ ಸತ್ತವರ ಹಬ್ಬಕ್ಕೆ ಚೆಂಡುಹೂವನ್ನು ಚೋಲೆಯ ಹತ್ತಿರವೇ ಕೊಂಡೆ. ಪಕ್ಕದ ಮನೆಯವಳು, ಬೇರೆ ಕಡೆ ಕೊಂಡರೆ ವರ್ಷವೆಲ್ಲ ಆಡಿಕೊಳ್ಳುತ್ತಾಳೆ. ಹೂವು ಸ್ವಲ್ಪ ಬಾಡಿತ್ತು, ಇರಲಿ. ಬೀದಿ ಬಾಗಿಲಿನಿಂದ ನಿನ್ನ ಪಟದವರೆಗೂ ಎಸಳು ಉದುರಿಸಿ ದಾರಿ ಮಾಡಿದ್ದೇನೆ, ನೀನು ದಾರಿ ತಪ್ಪಬಾರದು ಅಂತ... ಅಲ್ಲ, ಹೇಳಬೇಕಾದದ್ದು ಇದಲ್ಲ. ಬೆಳಗ್ಗೆಯಿಂದ ಎರಡು ಸಲ ಕಾಫಿಗೆ ಉಪ್ಪು ಹಾಕಿಕೊಂಡು ಕುಡಿದೆ. ದೆಲ್ಫಿನಾ, ಎಲ್ಲಿದ್ದೀಯೋ ಅಲ್ಲೇ ಸ್ವಲ್ಪ ಕುಳಿತುಕೋ. ತೂಲಿ ಬಂದಿದ್ದಾಳೆ.

ನೀನಿರುವ ಕಡೆಯಿಂದ ಅಲ್ಲ. ಬಸ್ ಸ್ಟ್ಯಾಂಡ್ ಕಡೆಯಿಂದ.

ಹೌದು, ಅದೇ ತೂಲಿ. ನಮ್ಮ ಈ ಎಂಟು ಮಂಚದ ಲಾಡ್ಜಿನಲ್ಲಿ ನಾಲ್ಕನೇ ಮಂಚದ ಫಿನ್ಲೆಂಡಿನ ಹುಡುಗಿ. ಸಾಯುವ ಹಿಂದಿನ ದಿನವೂ ನೀನು ಅವಳ ಹೆಸರು ಹಿಡಿದು ಅತ್ತೆಯಲ್ಲ, ‘ನಾನೇ ಕೊಂದೆ ಕಣೋ ಮುದುಕಾ, ನಾನೇ ಕೈಹಿಡಿದು ಆ ಬಸ್ಸು ಹತ್ತಿಸಿದೆ’ ಅಂತ, ಆ ತೂಲಿ.

ಆಗ ಅವಳಿಗೆ ಇಪ್ಪತ್ತೆರಡು. ಜೊತೆಗೆ ಇಬ್ಬರು ಗೆಳೆಯರು, ಓಸ್ಕರಿ ಮತ್ತು ವೆನ್ಲಾ. ಮೂವರೂ ಬೆನ್ನಿಗೆ ಬ್ಯಾಗು ಹೊತ್ತು, ಮೆಕ್ಸಿಕೋದ ಉತ್ತರದ ಗಡಿಯಿಂದ ಐದು ತಿಂಗಳು ಇಳಿದು ಇಳಿದು ನಮ್ಮ ಬೆಟ್ಟದ ಊರಿಗೆ ಬಂದಿದ್ದರು. ಮೂರು ಹೊತ್ತೂ ಮ್ಯಾಕರೋನಿ. ನೀನು ಸಾರು ಕೊಟ್ಟರೆ ಕಣ್ಣರಳಿಸುತ್ತಿದ್ದರು. ಅಷ್ಟು ದಿನ ಒಂದೇ ಪಾತ್ರೆಯಲ್ಲಿ ಉಂಡವರು ಇಲ್ಲಿಗೆ ಬಂದ ಮೂರನೇ ದಿನ ಅದೇ ಪಾತ್ರೆಯ ಮೇಲೆ ಜಗಳವಾಡಿದರು. ತಳ ಹಿಡಿದ ಪಾತ್ರೆಯನ್ನು ತಿಕ್ಕುವ ಸರದಿ ಯಾರದು ಅಂತ! ನೀನು ಬಾಗಿಲಲ್ಲಿ ನಿಂತು, ‘ಮೂವತ್ತು ವರ್ಷ ಸಂಸಾರ ಮಾಡಿದ ನಾವೇ ಇಷ್ಟು ಕಿರುಚಾಡಲ್ಲ’ ಅಂದೆ. ಮರುದಿನ ಬೆಳಗ್ಗೆ ಆ ಇಬ್ಬರೂ ಅವಳನ್ನು ಬಿಟ್ಟು ದಕ್ಷಿಣಕ್ಕೆ ಹೊರಟುಹೋದರು. ಇವಳು ನಿನ್ನ ಅಡುಗೆಮನೆಯಲ್ಲಿ ಕುಳಿತು ಗೊಳೋ ಅಂತ ಅತ್ತಳು. ನೀನು ಅವಳ ಮೂಗು ಒರೆಸಿ, ‘ಪಾತ್ರೆಗೋಸ್ಕರ ಗೆಳೆಯರನ್ನ ಕಳ್ಕೋತೀಯಾ ಹುಚ್ಚಿ? ಹೋಗು, ಹಿಡ್ಕೋ ಅವರನ್ನ. ದೊಡ್ಡ ಬ್ಯಾಗು ಇಲ್ಲೇ ಇರಲಿ, ಮೂವರೂ ಒಟ್ಟಿಗೆ ವಾಪಸ್ ಬನ್ನಿ’ ಅಂದೆ. ಹತ್ತು ಗಂಟೆಯ ಸಣ್ಣ ಬಸ್ಸಿಗೆ ನೀನೇ ಹತ್ತಿಸಿದೆ, ಕಿಟಕಿಯಿಂದ ತಿಂಡಿಯ ಪೊಟ್ಟಣ ಕೊಟ್ಟೆ.

ಆ ಬಸ್ಸು ಮಧ್ಯಾಹ್ನ ತುಂಬಿದ ಹೊಳೆಗೆ ಬಿತ್ತು. ಕೆಲವರು ಸಿಕ್ಕರು, ಕೆಲವರನ್ನು ನೀರು ಕೊಂಡೊಯ್ಯಿತು. ಯಾರು ಹತ್ತಿದರು, ಯಾರು ಇಳಿದರು ಅನ್ನುವುದಕ್ಕೆ ಪಟ್ಟಿ ಯಾರ ಹತ್ತಿರ ಇತ್ತು? ನಾನು ಕಚೇರಿಗೆ ಹೋಗಿ ಕೇಳಿದೆ. ‘ವಿದೇಶದವಳಾ? ಯಾರೂ ಕೇಳ್ಕೊಂಡು ಬಂದಿಲ್ಲವಲ್ಲ ಸ್ವಾಮಿ’ ಅಂದ ಗುಮಾಸ್ತ. ಮನೆಯವರಿಗೆ ಅವಳು ಕಾಣೆಯಾಗಿಯೇ ಇರಲಿಲ್ಲ ಅನ್ನುವುದು ಆ ಮಾತಿನ ಅರ್ಥ, ನನಗೆ ಹನ್ನೊಂದು ವರ್ಷ ಹೊಳೆಯಲಿಲ್ಲ ನೋಡು! ನೀನಂತೂ, ‘ಯಾವ ಕಚೇರಿಗೆ ಯಾವತ್ತು ಸತ್ತವರ ಲೆಕ್ಕ ಗೊತ್ತಿತ್ತು’ ಅಂದುಬಿಟ್ಟೆ.

ಮತ್ತೆ ಆ ಪತ್ರ. ಕಾಲೇಜಿನಲ್ಲಿ ಎರಡು ವರ್ಷ ಕಲಿತು ಅರ್ಧ ಮರೆತ ಇಂಗ್ಲಿಷನ್ನೆಲ್ಲ ಕೂಡಿಸಿ, ರಿಜಿಸ್ಟರಿನಲ್ಲಿದ್ದ ವಿಳಾಸ ನೋಡಿ ಅವಳ ತಾಯಿಗೆ ಬರೆದೆನಲ್ಲ. ‘ವಿತ್ ಹೆವಿ ಹಾರ್ಟ್’ ಅಂತ ಶುರುಮಾಡಿ ಮುಂದೆ ಮೂರು ದಿನ ಒಂದು ವಾಕ್ಯವೂ ಬಂದಿರಲಿಲ್ಲ. ಬರೆದು ಮುಗಿಸಿದಾಗ ನೀನು ಲಕೋಟೆಯ ಮೇಲೆ ಕೈಯಿಟ್ಟೆ. ‘ಇನ್ನೊಂದು ದಿನ ಆ ತಾಯಿ ಮಗಳು ಬರ್ತಾಳೆ ಅಂದ್ಕೊಂಡಿರಲಿ, ಮುದುಕಾ.’ ಆ ಒಂದು ದಿನ ಮುಗಿಯಲೇ ಇಲ್ಲ. ಪತ್ರ ಇವತ್ತಿಗೂ ಖಾನೆಯಲ್ಲಿದೆ. ಅಂಚೆಗೆ ಹಾಕಿದ್ದರೆ ತಿಂಗಳೊಳಗೆ ಉತ್ತರ ಬರುತ್ತಿತ್ತು. ನೀನು ಅಷ್ಟು ವರ್ಷ ಆ ಭಾರ ಹೊತ್ತು ಬಗ್ಗುತ್ತಿರಲಿಲ್ಲ. ತಪ್ಪು ನಿನ್ನದಲ್ಲ. ನನಗೂ ಹೆದರಿಕೆಯಿತ್ತು, ನೀನು ಬೇಡ ಅಂದದ್ದು ನನಗೆ ಅನುಕೂಲವೇ ಆಯಿತು. ಇದನ್ನು ಇವತ್ತು ಮೊದಲ ಸಲ ಒಪ್ಪಿಕೊಳ್ಳುತ್ತಿದ್ದೇನೆ.

ಬೆಳಗ್ಗೆ ನಡೆದದ್ದು ಕೇಳು. ಮೇಜಿನ ಮೇಲೆ ಎಲ್ಲ ಇಟ್ಟಾಗಿತ್ತು: ನಿನ್ನ ಪಟ, ರೊಟ್ಟಿ, ನೀರು, ಉಪ್ಪು. ನಿನ್ನ ಪಕ್ಕದಲ್ಲಿ ಅವಳದು. ಲಾಡ್ಜಿನ ರಿಜಿಸ್ಟರಿಗೆಂದು ತೆಗೆದಿದ್ದ ಪಾಸ್‌ಪೋರ್ಟಿನ ಜೆರಾಕ್ಸಿನಿಂದ ನೀನು ಕತ್ತರಿಸಿ ಚೌಕಟ್ಟು ಹಾಕಿಸಿದ್ದೆಯಲ್ಲ, ಆ ಬೂದು ಮುಖ. ಮುಂದೆ ಒಂದು ತಟ್ಟೆ ಮ್ಯಾಕರೋನಿ, ನೀನು ನಡೆಸಿಕೊಂಡು ಬಂದ ಹಾಗೆಯೇ. ಒಂಬತ್ತು ವರ್ಷ ನೀನು ಅವಳಿಗೆ ಮೇಣದಬತ್ತಿ ಹಚ್ಚಿದೆ, ಎರಡು ವರ್ಷ ನಾನು. ಹನ್ನೆರಡನೆಯದಕ್ಕೆ ಬತ್ತಿ ಸರಿಮಾಡುತ್ತಿದ್ದೆ. ಬಾಗಿಲಲ್ಲಿ ಯಾರೋ, ‘ದೋನ್ ಅನ್ಸೆಲ್ಮೋ! ಗುರುತು ಸಿಗಲಿಲ್ವಾ? ದೆಲ್ಫಿನಾ ಅಮ್ಮ ಎಲ್ಲಿ? ಸಾರು ಬೇಕು ನನಗೆ’ ಅಂದರು. ತಿರುಗಿ ನೋಡಿದೆ.

ದೆಲ್ಫಿನಾ, ನನಗೆ ಇಂಗ್ಲಿಷೂ ಮರೆತುಹೋಯಿತು, ಸ್ಪ್ಯಾನಿಷೂ ಮರೆತುಹೋಯಿತು. ಬಾಯಿಗೆ ಬಂದದ್ದು ಒಂದೇ, ಕಾಲೇಜಿನ ಮೊದಲ ಪಾಠದ್ದು: ‘ದಿ ವೆದರ್ ಈಸ್ ವೆರಿ ಫೈನ್ ಟುಡೇ.’ ಅವಳು ನಕ್ಕಳು. ನೀನೆಲ್ಲಿ ಅಂತ ಮತ್ತೆ ಕೇಳಿದಳು. ನಾನು ಏನನ್ನೂ ಯೋಚಿಸದೆ ಮೇಜಿನ ಕಡೆ ಕೈ ತೋರಿಸಿದೆ. ಅವಳು ನಿನ್ನ ಪಟ ನೋಡಿ ಬಾಯಿಗೆ ಕೈ ಅಡ್ಡ ಹಿಡಿದಳು. ಆಮೇಲೆ ಕಣ್ಣು ಪಕ್ಕಕ್ಕೆ ಸರಿಯಿತು.

‘ಇದು... ನಾನು?’ ಅಂದಳು. ಅಷ್ಟರಲ್ಲಿ ಉಳಿದ ಹೂವು ಕೊಡಲು ಬಂದ ಚೋಲೆ ಒಮ್ಮೆ ಪಟ, ಒಮ್ಮೆ ಅವಳ ಮುಖ ನೋಡಿ, ಬುಟ್ಟಿ ಕೆಳಗೆ ಹಾಕಿ ಶಿಲುಬೆ ಗುರುತು ಮಾಡಿಕೊಂಡಳು. ಧೈರ್ಯದವಳು, ನೆಟ್ಟಗೆ ಬಂದು ಹುಡುಗಿಯ ತೋಳು ಚಿವುಟಿದಳು. ‘ಅಯ್ಯೋ, ಬೆಚ್ಚಗಿದ್ದಾಳೆ ಕಣ್ರೀ ಅನ್ಸೆಲ್ಮೋ! ಸತ್ತವರು ಸಾಯಂಕಾಲದ ಮೇಲೆ ತಾನೇ ಬರೋದು, ಇವಳೇನು ಹನ್ನೊಂದು ಗಂಟೆಗೇ ಬಂದಿದ್ದಾಳೆ?’

ಅವಳಿಗೆ ಬಸ್ಸಿನ ವಿಷಯವೇ ಗೊತ್ತಿರಲಿಲ್ಲ. ಬಸ್ಸು ಮೊದಲ ಸಂತೆ ಊರಿನಲ್ಲಿ ನಿಂತಾಗ ಕಿಟಕಿಯಿಂದ ನೋಡಿದಳಂತೆ: ರಸ್ತೆಯ ಆಚೆ ಬದಿಯಲ್ಲಿ ಓಸ್ಕರಿ, ವೆನ್ಲಾ ಬ್ಯಾಗಿನ ಮೇಲೆ ಕುಳಿತು ನಮ್ಮ ಊರಿನ ಬಸ್ಸಿಗೆ ಕಾಯುತ್ತಿದ್ದಾರೆ. ಅವರೂ ಇವಳನ್ನು ಹುಡುಕಿಕೊಂಡೇ ವಾಪಸ್ ಹೊರಟಿದ್ದರು! ಇಳಿದು ಓಡಿದಳು. ಮೂವರೂ ನಡುರಸ್ತೆಯಲ್ಲಿ ತಬ್ಬಿಕೊಂಡು ಅತ್ತು, ನೀನು ಕೊಟ್ಟ ತಿಂಡಿ ಹಂಚಿಕೊಂಡು ತಿಂದು, ಸಮುದ್ರದ ಕಡೆ ಹೊರಟಿದ್ದ ಯಾವುದೋ ಲಾರಿ ಹತ್ತಿದರು. ಆಮೇಲೆ ಗಡಿ ದಾಟಿದರು, ಇನ್ನೂ ಮೂರು ತಿಂಗಳು ತಿರುಗಿದರು, ಅಲ್ಲಿಂದಲೇ ವಿಮಾನ ಹತ್ತಿದರು. ಇವತ್ತಿಗೂ ಮೂವರೂ ಒಂದೇ ಬೀದಿಯಲ್ಲಿದ್ದಾರಂತೆ.

‘ಮತ್ತೆ ಬ್ಯಾಗು?’ ಅಂದೆ.

‘ಅಯ್ಯೋ, ಹಳೇ ಬ್ಯಾಗು ಅದು. ನೀವು ಎಸೆದಿರ್ತೀರಿ ಅಂದ್ಕೊಂಡೆ.’

ಎಸೆಯುವುದೇ! ನೀನು ತಿಂಗಳಿಗೊಮ್ಮೆ ಬಿಸಿಲಿಗಿಟ್ಟು, ಒಳಗೆ ಕೈ ಹಾಕದೆ, ಬೂಸಲು ಒರೆಸುತ್ತಿದ್ದ ಬ್ಯಾಗು. ನಾನು ಮುದುಕ, ಬಾಯಿಗೆ ಬೀಗ ಹಾಕಿಕೊಳ್ಳಬೇಕಿತ್ತು, ಹಾಕಿಕೊಳ್ಳಲಿಲ್ಲ. ಎಲ್ಲ ಹೇಳಿದೆ. ಹೊಳೆ, ಕಚೇರಿ, ನಿನ್ನ ಕೊನೆಯ ದಿನದ ಮಾತು, ಎಲ್ಲ. ಕೂಗಾಡಿದೆ ಅನ್ನಿಸುತ್ತದೆ, ಚೋಲೆ ನನ್ನ ಭುಜ ಅದುಮಿ ಕೂರಿಸಿದಳು. ಖಾನೆಯಿಂದ ಪತ್ರ ತೆಗೆದು ಅವಳ ಮುಂದೆ ಹಾಕಿದೆ. ಓದಿದಳು. ‘ಒಂದು ಕಾರ್ಡು,’ ಅಂದಳು, ‘ಒಂದೇ ಒಂದು ಕಾರ್ಡು ಬರೆದಿದ್ದರೆ ಸಾಕಿತ್ತು ನಾನು.’ ‘ಒಂದು ಸ್ಟಾಂಪು ಅಂಟಿಸಿದ್ದರೆ ಸಾಕಿತ್ತು ನಾನು’ ಅಂದೆ.

ಕೊನೆಗೆ ಅವಳೇ, ‘ದೆಲ್ಫಿನಾ ಅಮ್ಮ ಹೋಗು ಅನ್ನದಿದ್ದರೆ ನಾನು ಆ ಬಸ್ಸು ಹತ್ತುತ್ತಿರಲಿಲ್ಲ, ನಿಜ. ಆದರೆ ಗೆಳೆಯರನ್ನು ಕಂಡರೆ ಇಳಿದು ಓಡಬೇಕು ಅಂತ ಕಲಿಸಿದ್ದೂ ಅವರೇ ಅಲ್ವಾ?’ ಅಂದಳು. ಕೇಳಿಸಿತೇ ಮುದುಕಿ? ನೀನು ಕೊಂದದ್ದಲ್ಲ. ಇದನ್ನು ಎರಡು ವರ್ಷ ಮೊದಲು ಬಂದು ಹೇಳಬಾರದಿತ್ತೇ ಈ ಹುಡುಗಿ!

ಬ್ಯಾಗು ತಂದು ಅಂಗಳದಲ್ಲಿ ಬಿಚ್ಚಿಸಿದೆ. ನುಸಿ ತಿಂದ ಸ್ವೆಟರು, ಸೆಟೆದುಹೋದ ಬೂಟು. ಎಲ್ಲಕ್ಕಿಂತ ಕೆಳಗೆ ಆ ಪಾತ್ರೆ, ಕರಿ ಹಿಡಿದ ತಳ ಹಾಗೇ ಇದೆ. ಅವಳು ಅದನ್ನು ಮಡಿಲಲ್ಲಿಟ್ಟುಕೊಂಡು ಅತ್ತಳು, ಅಳುತ್ತಲೇ ನಕ್ಕಳು: ‘ಸರದಿ ನನ್ನದೇ ಆಗಿತ್ತು, ದೋನ್ ಅನ್ಸೆಲ್ಮೋ.’ ಮ್ಯಾಕರೋನಿ ತಟ್ಟೆ ತೋರಿಸಿದೆ. ಮುಖ ಕಿವುಚಿದಳು. ಐದು ತಿಂಗಳು ತಿಂದು ಆಗಲೇ ಅವಳಿಗೆ ವಾಕರಿಕೆ ಬಂದಿತ್ತಂತೆ. ಹನ್ನೊಂದು ವರ್ಷ ನಾವು ಅವಳಿಗೆ ಬಡಿಸಿದ್ದು ಅದನ್ನೇ!

ಈಗ ಅಂಗಳದಲ್ಲಿ ಬೂದಿ ಹಾಕಿ ಆ ಪಾತ್ರೆ ತಿಕ್ಕುತ್ತಿದ್ದಾಳೆ. ಸದ್ದು ಇಲ್ಲಿಗೆ ಕೇಳಿಸುತ್ತಿದೆ. ಅದರಲ್ಲೇ ನಿನಗೆ ಕಾಫಿ ಕಾಸಿ ಇಡುತ್ತಾಳಂತೆ. ಅವಳ ಪಟವನ್ನು ಮೇಜಿನಿಂದ ನಾನು ತೆಗೆಯಲಾರದೆ ಹೋದೆ, ಅವಳೇ ತೆಗೆದು ಕಿಟಕಿಯಲ್ಲಿಟ್ಟಳು. ಈ ಎರಡು ವರ್ಷ ಅಲ್ಲಿ ನೀನು ಅವಳನ್ನು ಎಷ್ಟು ಹುಡುಕಿದೆಯೋ, ಎಷ್ಟು ಜನರನ್ನು ಕೇಳಿದೆಯೋ. ಇನ್ನು ಹುಡುಕಬೇಡ. ಅವಳು ನಾಲ್ಕನೇ ಮಂಚ ಕೇಳಿದ್ದಾಳೆ, ಹೊಸ ಚಾದರ ಹಾಸಿದ್ದೇನೆ. ಬಂದವಳು ಮೊದಲು ಅಲ್ಲಿಗೆ ಹೋಗಿ ನೋಡು, ಆಮೇಲೆ ನನ್ನ ಹತ್ತಿರ ಬಾ.

ಅಕ್ಷರ ಕಾಣಿಸುತ್ತಿಲ್ಲ. ಬೆಳಕು ಹೋಗುತ್ತಿದೆ, ನಿನ್ನ ಮೇಣದಬತ್ತಿ ಹಚ್ಚುವ ಹೊತ್ತು. ಒಂದೇ ಬತ್ತಿ ಈ ಸಲ. ಹೂವಿನ ದಾರಿ ಹಿಡಿದು ನಿಧಾನವಾಗಿ ಬಾ, ಅಂಗಳದಲ್ಲಿ ಪಾತ್ರೆ ತೊಳೆದ ನೀರು ಚೆಲ್ಲಿದೆ, ಕಾಲು ಜಾರೀತು. ಹಗುರಾಗಿ ಬಾ, ನನ್ನ ಮುದುಕಿ. ಹಗುರಾಗಿಯೇ ಹಿಂದಿರುಗು.

ನಿನ್ನ ಮುದುಕ,
ಅನ್ಸೆಲ್ಮೋ