ಎಲ್ಲ ಕಡೆಯೂ ಮೂರು

ಯಲಬುರ್ಗಾ
೧೯ ಆಗಸ್ಟ್ ೨೦೨೫

ಪ್ರೀತಿಯ ಸುರೇಖಾ,

ಸಲಾಂ. ಗಂಗಾವತಿಯಲ್ಲಿ ನೀವೆಲ್ಲ ಆರಾಮವಾಗಿದ್ದೀರಿ ಎಂದುಕೊಂಡಿದ್ದೇನೆ. ಇಲ್ಲಿಯ ಕಾಲೇಜಿಗೆ ವರ್ಗವಾಗಿ ಬಂದು ಎಂಟು ತಿಂಗಳಾದರೂ ಒಂದು ಸಾಲು ಬರೆಯಲಿಲ್ಲ, ಬೈಯಬೇಡ. ಎರಡು ಸಲ ಶುರುಮಾಡಿ ಹರಿದುಹಾಕಿದೆ.

ಕೋಣೆಯಲ್ಲಿ ಗಾಳಿ ಬೆಳಕು ಚೆನ್ನಾಗಿದೆ. ಮಾತಿಗೆ ಮಾತ್ರ ಯಾರೂ ಇಲ್ಲ. ಶನಿವಾರ ಮಧ್ಯಾಹ್ನ ಮುಚ್ಚಿದ ಬಾಯಿ ಸೋಮವಾರ ಹಾಜರಿ ಕರೆಯುವಾಗಲೇ ತೆರೆಯುವುದು. ಮೊದಲ ಎರಡು ಹೆಸರು ಗಂಟಲಲ್ಲೇ ಸಿಕ್ಕಿಕೊಳ್ಳುತ್ತವೆ.

ಹೋದ ವಾರ ಒಂದು ತಪ್ಪು ಮಾಡಿದೆ. ಕೊಪ್ಪಳದ ಹಾಸ್ಟೆಲಿನ ಕಾಲದಿಂದ ನನ್ನ ತಪ್ಪುಗಳನ್ನೆಲ್ಲ ಕೇಳಿಸಿಕೊಂಡವಳು ನೀನೇ. ಪಿಯುಸಿ ಮೊದಲ ವರ್ಷದವರಿಗೆ ಗ್ರಾಫಿನ ಗೆರೆ ಮೇಲಕ್ಕೆ ಸರಿಯುವುದನ್ನು ಕಲಿಸುತ್ತಿದ್ದೆ. ಬೋರ್ಡಿನ ಚೌಕುಳಿ ಮನೆಗಳ ಮೇಲೆ ಎಕ್ಸ್ ವರ್ಗದ ಪರವಲಯ, ಬಟ್ಟಲಿನಂಥ ಗೆರೆ, ಬರೆದು, ಅದರ ಮೇಲೆ ಎಕ್ಸ್ ವರ್ಗಕ್ಕೆ ಮೂರು ಕೂಡಿಸಿದ್ದನ್ನು ಬರೆದು, "ಆಕಾರ ಅದ ಐತಿ. ಇಡೀ ಗೆರಿ ಮೂರು ಮನಿ ಮ್ಯಾಲ ಹೋಗೈತಿ, ಅಷ್ಟ" ಎಂದೆ.

ಮಾರೆವ್ವ ಎಂಬ ಹುಡುಗಿ ಎದ್ದಳು. "ಮ್ಯಾಡಂ, ನಡುವ ಮೂರು ಅಂತರ ಐತ್ರಿ. ಬದಿಗೆ ಹೋದಂಗ ಎರಡೂ ಗೆರಿ ಹತ್ರ ಬರ್ತಾವು. ಅಲ್ಲಿ ಮೂರು ಎಲ್ಲಿ ಉಳೀತ್ರಿ?"

"ಕಣ್ಣು ಸರಿ ಇಲ್ಲೇನು ನಿಂದು? ಕುಂದ್ರು" ಎಂದುಬಿಟ್ಟೆ. ಎಲ್ಲರೂ ನಕ್ಕರು. ಅವಳದು ದಪ್ಪ ಕನ್ನಡಕ, ಸುರೇಖಾ.

ಸಂಜೆ ನಾನೇ ಬರೆದು ನೋಡಿದೆ. ನಿಜಕ್ಕೂ ಹತ್ತಿರ ಬಂದಂತೆಯೇ ಕಾಣುತ್ತದೆ. ಇಪ್ಪತ್ತೆರಡು ವರ್ಷ ಕಲಿಸಿದ್ದೇನೆ, ಒಮ್ಮೆಯೂ ಹಾಗೆ ನೋಡಿರಲಿಲ್ಲ. ಮರುದಿನ ಅವಳು ಬರಲಿಲ್ಲ. ಆಮೇಲೂ ಬರಲಿಲ್ಲ.

ಭಾನುವಾರ ಇಟಗಿಯ ಬಸ್ಸು ಹತ್ತಿ ಅವಳ ಮನೆ ಹುಡುಕಿಕೊಂಡು ಹೋದೆ. ತಾಯಿ ವಿರೂಪಾಕ್ಷಮ್ಮ ಬಾಗಿಲಲ್ಲೇ, "ಗಣಿತ ಬ್ಯಾಡ, ಆರ್ಟ್ಸಿಗೆ ಹೋಗ್ತೀನಿ ಅಂತಾಳ್ರಿ. ನನಗ ಏನೂ ತಿಳಿಯಂಗಿಲ್ಲ ಅಂತ ಅಳ್ತಾಳ್ರಿ" ಎಂದರು.

"ತಿಳೀಲಾರದ್ದು ನನಗವ್ವಾ" ಎಂದೆ. ತಾಯಿಯ ಹಿಂದೆ ನಿಂತಿದ್ದ ಮಾರೆವ್ವ ತಲೆ ಎತ್ತಲಿಲ್ಲ. ರಂಗೋಲಿ ಪುಡಿ ಕೇಳಿ ಪಡೆದು ಅಂಗಳದಲ್ಲಿ ಎರಡೂ ಗೆರೆ ಎಳೆದೆ, ನಾಲ್ಕು ಬೆರಳಿಗೆ ಒಂದು ಮನೆ. ಮೂರು ಮನೆಯಷ್ಟು ಉದ್ದಕ್ಕೆ ಜೋಳದ ದಂಟು ಮುರಿದು ಅವಳ ಕೈಗೆ ಕೊಟ್ಟೆ. ಮೊದಲು ಓರೆಯಾಗಿ ಇಟ್ಟಳು. ದಂಟು ಗೆರೆಯ ಹೊರಗೆ ಚಾಚಿತು. ಮೇಲಿಂದ ಕೆಳಕ್ಕೆ ನೆಟ್ಟಗೆ ಇಟ್ಟಳು, ಎರಡು ಗೆರೆಗಳ ನಡುವೆ ಸರಿಯಾಗಿ ಕೂತಿತು. ಜಾಗ ಬದಲಿಸಿ ಬದಲಿಸಿ ನೋಡಿದಳು.

"ಎಲ್ಲಾ ಕಡೀನೂ ಮೂರ ಐತ್ರಿ! ನಾ ಓರೆ ನೋಡಾಕತ್ತಿದ್ದೆ. ಪ್ರತಿ ಚುಕ್ಕಿಗೂ ಮೂರು ಕೂಡ್ಸೀವಿ, ಅಂದಮ್ಯಾಲ ಹೆಂಗ ಕಡಿಮಿ ಆಗ್ತೈತ್ರಿ?"

"ನೀ ಕೇಳಿದ್ದಕ್ಕ ನನಗೂ ಕಾಣ್ತು. ಅವತ್ತು ನಾ ಅಂದದ್ದು ತಪ್ಪಾತು."

ಅವಳು ನಕ್ಕಳು; ನನಗೆ ಅಳು ಬಂತು. ವಿರೂಪಾಕ್ಷಮ್ಮ ರೊಟ್ಟಿ, ಪುಂಡಿಪಲ್ಯ ಬಡಿಸಿ ಪಕ್ಕದಲ್ಲೇ ಕುಳಿತರು. ಎಂಟು ತಿಂಗಳಲ್ಲಿ ಇನ್ನೊಬ್ಬರ ಜೊತೆ ಕುಳಿತು ಉಂಡದ್ದು ಅದೇ ಮೊದಲು. ನಿನ್ನೆ ಮಾರೆವ್ವ ತರಗತಿಗೆ ಬಂದಳು, ಬೋರ್ಡಿನ ಮುಂದೆ ನಿಂತು ಎಲ್ಲರಿಗೂ ತಾನೇ ಹೇಳಿಕೊಟ್ಟಳು.

ಬಸ್ಸಿನಲ್ಲಿ ಮರಳುವಾಗ ಫೋನಿನಲ್ಲಿ ನಿನ್ನ ಹೆಸರಿನವರೆಗೆ ಹೋಗಿ ನಿಲ್ಲಿಸಿದ್ದೆ. ಅದಕ್ಕೇ ಈ ಕಾಗದ.

ನಿನ್ನ ಕಾಲುನೋವು ಕಡಿಮೆಯಾಗಲಿ. ಮಗಳು ನಂದಿತಾ ಹೊಸ ಮನೆಯಲ್ಲಿ ನಗುನಗುತ್ತ ಇರಲಿ. ನನ್ನ ದುವಾ ಅವಳ ಮೇಲೆ ಯಾವಾಗಲೂ ಇದೆ.

ನಿನ್ನ
ಹಸೀಬಾ

ಮತ್ತೆ: ಹೋದ ತಿಂಗಳು ಕುಷ್ಟಗಿ ಬಸ್ ನಿಲ್ದಾಣದಲ್ಲಿ ನಿನ್ನ ತಮ್ಮ ರುದ್ರೇಶ ಸಿಕ್ಕಿದ್ದ. "ನಂದಿತಾನ ಮದುವಿ ಭಾಳ ಛಲೋ ಆತ್ರಿ ಅಕ್ಕಾ. ನೀವ್ಯಾಕ ಬರಲಿಲ್ರಿ?" ಎಂದ. ಮದುವೆಯಾಯಿತೆಂದು ನನಗೆ ಗೊತ್ತಾದದ್ದೇ ಆಗ. ಅವಳಿಗೆ ಹೆಸರಿಡುವ ದಿನ ತೊಟ್ಟಿಲು ತೂಗಿದವಳು ನಾನು. "ರಜಾ ಸಿಗಲಿಲ್ಲಪ್ಪಾ" ಎಂದೆ. ಅವನು ಕೇಳಿದರೆ ನೀನೂ ಹಾಗೆಯೇ ಹೇಳು.