ಬಚ್ಚಿಟ್ಟ ಪರಾತ

ಏನ್ರೀ,

ಗಂಭೀರ ವಿಷಯವೊಂದನ್ನು ತಿಳಿಸುವುದಿದೆ: ನೀವು ಮಂಚದ ಕೆಳಗೆ ಬಚ್ಚಿಟ್ಟಿದ್ದ ರೊಟ್ಟಿ ಬಡಿಯುವ ಪರಾತ ಸಿಕ್ಕಿದೆ.

ನನ್ನ ಹಾಗೇ ಎದೆಯ ಕ್ಯಾನ್ಸರ್ ಆಪರೇಷನ್ ಆದ ನಂದೂರಿನ ಬಂಡೆಮ್ಮಕ್ಕನ ಕೈ ಬಾತದ್ದು ನೋಡಿ, ರೊಟ್ಟಿ ಬಡಿದರೆ ನನ್ನದೂ ಬಾತೀತೆಂದು ನಿಮಗೆ ಅಂಜಿಕೆ. ನನಗಿಲ್ಲವೇ? ಆಪರೇಷನ್ ಆದ ಕಡೆಯ ಕೈಬಳೆ ಸಡಿಲವಾಗಿ ಆಡುತ್ತದೋ ಇಲ್ಲವೋ ಎಂದು ಎದ್ದ ಕೂಡಲೇ ನೋಡಿಕೊಳ್ಳುತ್ತೇನೆ. ಆದರೆ ಡಾಕ್ಟರಮ್ಮ ಹೇಳಿದ್ದು ನಿಮ್ಮೆದುರಿಗೇ: "ಕೈ ಸುಮ್ನ ಇಡಬ್ಯಾಡ್ರಿ, ಹಗೂರಕ ಕೆಲಸಕ್ಕ ಹಚ್ರಿ."

ನೀವು ಬಡಿದ ರೊಟ್ಟಿಯಲ್ಲಿ ಜಿಲ್ಲೆಯ ನಕಾಶೆ ಕಂಡಿದ್ದೇನೆ, ರೊಟ್ಟಿ ಕಂಡಿಲ್ಲ.

ನಾನು ಕಮಲಾಪುರದ ಶಾಲೆಗೆ ಹೊರಟೆ. ಬರುವಾಗ ಕೆಂಪು ಬಾಳೆಹಣ್ಣು ತರುತ್ತೇನೆ; ಭಾರದ ಚೀಲ ಹಿಡಿಯಲು ಸಂಜೆ ಬಸ್ ಸ್ಟ್ಯಾಂಡಿಗೆ ಬರ್ರಿ. ಅಷ್ಟು ಅಂಜಿಕೆ ಇನ್ನೂ ಇಟ್ಟುಕೊಂಡಿದ್ದೇನೆ.

ಬುಟ್ಟಿಯಲ್ಲಿರುವ ರೊಟ್ಟಿ ನಾನೇ ಎರಡೂ ಕೈಯಿಂದ ಬಡಿದದ್ದು. ಇದನ್ನು ಬರೆಯುವ ಹೊತ್ತಿಗೆ ಕೈ ಬಾತಿಲ್ಲ.